ಬರುವ ವರ್ಷದ ಕಾರು

ನಮ್ಮ ಭಾವ ಅಕ್ಕನನ್ನು ಮದುವೆಯಾದದ್ದು ಹೇಗೆ ಎಂಬುದು ನಮ್ಮ ಮನೆತನದಲ್ಲಿ ಇವತ್ತಿಗೂ ಬಗೆಹರಿಯದ ಪ್ರಶ್ನೆ. ಪ್ರೀತಿಸಿ ಓಡಿಹೋದರು ಎಂದೆಲ್ಲ ಊಹಿಸಿಕೊಳ್ಳಬೇಡಿ, ಅಂಥ ರೋಚಕ ಸಂಗತಿಗಳು ನಮ್ಮ ಕಡೆ ನಡೆಯುವುದಿಲ್ಲ. ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿ ಕೂತು, ಎರಡೆರಡು ಸಲ ಕೇಸರಿಬಾತು ಹಾಕಿಸಿಕೊಂಡು, ಅಕ್ಕನನ್ನು ಮಾತ್ರ ಒಂದೇ ಸಲ ನೋಡಿ, ಅಪ್ಪನ ಕಡೆ ತಿರುಗಿ "ಹತ್ತಿರದ ಮುಹೂರ್ತ ಯಾವುದಿದೆ?" ಎಂದು ಕೇಳಿದ ಮನುಷ್ಯ ಇವರು. ಇದರಲ್ಲಿ ಬಗೆಹರಿಯದ್ದು ಏನಿದೆ ಎನ್ನುತ್ತೀರಾ? ಸ್ವಾಮಿ, ಆಮೇಲೆ ಅವರು ಯಾವ ವಸ್ತುವಿಗೂ ಒಂದೇ ಸಲಕ್ಕೆ ಹೂಂ ಅಂದದ್ದನ್ನು ಕಂಡವರಿಲ್ಲ! "ಸ್ವಲ್ಪ ತಡೀರಿ, ಬರೋ ವರ್ಷ ಇದಕ್ಕಿಂತ ಒಳ್ಳೇದು ಬರುತ್ತೆ" ಎಂಬುದು ಅವರ ತಾರಕಮಂತ್ರ. ಹೆಣ್ಣು ನೋಡಿದ ದಿನ ಆ ಮಂತ್ರ ಬಾಯಿಗೆ ಬರಲಿಲ್ಲವೇಕೋ! ಬಾಯಿಯಲ್ಲಿ ಕೇಸರಿಬಾತಿತ್ತು, ಅದೇ ಕಾರಣವಿರಬೇಕು ಎಂದು ನನ್ನ ಗುಮಾನಿ.

ಹೆಸರು ಹೇಳುವುದಿಲ್ಲ, ಅಕ್ಕ ಬೈಯುತ್ತಾಳೆ. ಊರು ಬಿಟ್ಟು ಈ ಮಲಯರ ನಾಡಿಗೆ ಬಂದ ಮೇಲೆ, ಸುಬಾಂಗ್ ಜಯಾದ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ ಮೇಲೆ, ನಮ್ಮ ಮನೆ ಕೆಳಗೆ. ಭಾವನಿಗೆ ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಅಕ್ಕ ಮಣಿಪಾಲದಲ್ಲಿ ಓದಿದ ಡಾಕ್ಟರು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅದರ ಆಸ್ಪತ್ರೆಯಲ್ಲಿ ರೋಗಿಗಳನ್ನೂ ನೋಡುತ್ತಾಳೆ. ಅವರಿಗೆ ಒಬ್ಬಳೇ ಮಗಳು. ಕನ್ನಡದಲ್ಲಿ ಏನು ಬೈದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಮಾತಿಗೊಂದು 'ಲಾ' ಬಾಲ ಅಂಟಿಸುವ ಇಲ್ಲಿನ ಇಂಗ್ಲಿಷಿನಲ್ಲಿ. ಆಫೀಸಿನಲ್ಲಿ ಭಾವ ಕೋಟಿಗಟ್ಟಲೆ ವ್ಯವಹಾರಗಳನ್ನು ಫಟಾಫಟ್ ತೀರ್ಮಾನಿಸುತ್ತಾರಂತೆ. ಇರಬಹುದು. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ತಿಂಡಿ ಹೇಳಬೇಕಾದರೆ ಎಲ್ಲರ ತಟ್ಟೆಯೂ ಬರುವವರೆಗೆ ಕಾದು, ಯಾವುದು ಚೆನ್ನಾಗಿ ಬಂದಿದೆ ಎಂದು ಪರೀಕ್ಷಿಸಿ, ಆಮೇಲೆ ಆರ್ಡರ್ ಕೊಡುತ್ತಾರೆ. ಅಷ್ಟರಲ್ಲಿ ಅದು ಖಾಲಿಯಾಗಿರುತ್ತದೆ, ನಮ್ಮ ತಟ್ಟೆಗೇ ಕೈ ಹಾಕುತ್ತಾರೆ!

ಲಾಕ್‌ಡೌನ್ ಘೋಷಣೆಯಾದ ದಿನ ಇಡೀ ಸುಬಾಂಗ್ ಜಯಾ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಅಕ್ಕಿ, ಮೊಟ್ಟೆ, ಟಿಶ್ಯೂ ಎಂದು ಹೊತ್ತು ತರುತ್ತಿದ್ದರೆ, ಭಾವ ಖಾಲಿ ಚೀಲ ಹಿಡಿದು ಗಂಭೀರವಾಗಿ ಹಿಂದಿರುಗಿದರು. "ಜನದ ಗಾಬರಿ ಇಳೀಲಿ. ಫ್ರೆಶ್ ಸ್ಟಾಕ್ ಬರುತ್ತೆ, ಆಗ ತಗೊಳ್ಳೋಣ" ಎಂದರು. ಫ್ರೆಶ್ ಸ್ಟಾಕ್ ಬಂದಿತು, ನಿಜ. ಅದು ಬರುವವರೆಗೆ ಅವರ ಮನೆಯ ಒಲೆಯ ಮೇಲೆ ಬೆಂದದ್ದು ನಮ್ಮ ಮನೆಯ ಅಕ್ಕಿ.

ಇಂಥವರ ಮನೆಯ ಕಾರು ಹೇಗಿದ್ದೀತು? ಮಗಳು ಹುಟ್ಟುವ ಮೊದಲೇ ತಂದ ಪೆಟ್ರೋಲ್ ಕಾರು. ಅದರ ಎ.ಸಿ. ಗಾಳಿ ಬೇರೆಲ್ಲೂ ಬೀಸದೆ ಡ್ರೈವರಿನ ಎಡ ಮೊಣಕಾಲಿಗೆ ಮಾತ್ರ ಬೀಸುತ್ತಿತ್ತು. ಸ್ಟಾರ್ಟ್ ಮಾಡಲು ಒಂದು ವಿಧಿ ಇತ್ತು: ಕೀ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ, ಸ್ಟಿಯರಿಂಗಿನ ಕೆಳಗೆ ಒಂದು ಏಟು ಕೊಟ್ಟು, "ಬಾರೋ ರಾಜಾ" ಎನ್ನಬೇಕು. ಭಾವನ ಹೊರತು ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ಕರೆತರುವುದು ಅವರ ಕೆಲಸವಾಯಿತು. ಇವರ ಆನ್‌ಲೈನ್ ಮೀಟಿಂಗ್ ಮುಗಿಯುವವರೆಗೆ, ಮೈಯೆಲ್ಲ ಮುಚ್ಚುವ ಆ ಪ್ಲಾಸ್ಟಿಕ್ ದಿರಿಸಿನೊಳಗೆ ದಿನವಿಡೀ ಬೆಂದು ಬಂದ ಅಕ್ಕ ಆಸ್ಪತ್ರೆಯ ಗೇಟಿನ ಬಳಿ ಕಾಯಬೇಕಾಗುತ್ತಿತ್ತು. ಸೋಂಕಿನ ವಾರ್ಡಿನಿಂದ ಬಂದವಳು, ಬೇರೆಯವರ ಗಾಡಿ ಹತ್ತಲು ಅವಳಿಗೇ ಮನಸ್ಸಿಲ್ಲ. "ನಂಗೆ ವಿಮಾನ ಬೇಡ ಕಣೇ. ಕೀ ತಿರುಗಿಸಿದ್ರೆ ಹೊರಡೋ ಒಂದು ಕಾರು ಬೇಕು. ಡ್ಯೂಟಿ ಮುಗಿದ ತಕ್ಷಣ ನಾನೇ ಓಡಿಸ್ಕೊಂಡು ಮನೆಗೆ ಬಂದು ಸ್ನಾನ ಮಾಡಬೇಕು, ಅಷ್ಟೇ" ಎನ್ನುತ್ತಿದ್ದಳು. ಇಷ್ಟು ಸಣ್ಣ ಆಸೆ!

ಆಗ ಯಾರೋ ಭಾವನ ಕಿವಿಯಲ್ಲಿ ಎಲೆಕ್ಟ್ರಿಕ್ ಕಾರು ಎಂದು ಉಸುರಿದರು. ಅವರು ನನ್ನ ಕೈಗೆ ಸಿಕ್ಕಿದರೆ ಸುಮ್ಮನೆ ಬಿಡುವುದಿಲ್ಲ. ಭಾವ ಯೂಟ್ಯೂಬಿನ ಮುಂದೆ ತಪಸ್ಸಿಗೆ ಕೂತರು. ಬ್ಯಾಟರಿಯ ಹುಟ್ಟು, ಬಾಲ್ಯ, ಯೌವನ, ಮುಪ್ಪು ಎಲ್ಲವನ್ನೂ ಅರೆದು ಕುಡಿದರು. ಕೊಂಡರೆ ತಂತ್ರಜ್ಞಾನ ಬದಲಾದಾಗ ಕಾರು ಕೊರಳಿಗೆ ಬೀಳುತ್ತದೆ, ಆದ್ದರಿಂದ ಲೀಸ್ ಮೇಲೆ ತರುವುದು, ಅಂದರೆ ತಿಂಗಳ ಬಾಡಿಗೆಗೆ ಕೆಲವು ವರ್ಷ ಇಟ್ಟುಕೊಂಡು ಹಿಂದಕ್ಕೆ ಕೊಟ್ಟುಬಿಡುವುದು ಎಂದು ತೀರ್ಮಾನವಾಯಿತು. ಅಬ್ಬಾ, ತೀರ್ಮಾನವಾಯಿತಲ್ಲ ಎಂದು ನಾವು ಪಾಯಸ ಮಾಡುವುದೊಂದು ಬಾಕಿ. ಆದರೆ ಯಾವ ಕಾರು? ಈಗ ಸಿಗುತ್ತಿರುವುದೋ, ಬರುವ ವರ್ಷ ಬರಲಿರುವುದೋ?

"ಭಾವ, ಲೀಸ್ ಅನ್ನೋದನ್ನ ನಿಮ್ಮಂಥವರಿಗೇ ಕಂಡುಹಿಡಿದಿರೋದು. ಈಗ ಇದನ್ನ ತನ್ನಿ, ಒಳ್ಳೇದು ಬಂದಾಗ ವಾಪಸ್ ಕೊಟ್ಟು ಅದನ್ನ ತನ್ನಿ" ಎಂದೆ.

"ನೋಡಮ್ಮ, ಅಷ್ಟು ಸುಲಭ ಅಲ್ಲ" ಎಂದರು, ಕನ್ನಡಕ ಒರೆಸುತ್ತ. "ಈಗ ಸೈನ್ ಮಾಡಿ, ಬರೋ ವರ್ಷ ಲೀಸೇ ಇದಕ್ಕಿಂತ ಒಳ್ಳೇದು ಬಂದ್ರೆ?"

ಇದಕ್ಕೆ ಏನು ಹೇಳುತ್ತೀರಿ, ಹೇಳಿ! ಮಗಳು ಸೋಫಾದ ಮೇಲಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಡಿಸೈಡ್ ಲಾ!" ಎಂದಳು.

ಮೊದಲ ತಕರಾರು ದೂರದ್ದು. ಒಂದು ಸಲ ಚಾರ್ಜ್ ಮಾಡಿದರೆ ಈಗಿನ ಕಾರು ಮುನ್ನೂರು ಚಿಲ್ಲರೆ ಕಿಲೋಮೀಟರು ಆಚೆ, ಬೇರೆ ರಾಜ್ಯದಲ್ಲಿರುವ ಪಿನಾಂಗಿಗೆ ಹೋಗಿ ಬರುವುದಿಲ್ಲವಂತೆ.

"ಪಿನಾಂಗಲ್ಲಿ ನಮಗ್ಯಾರಿದಾರ್ರೀ?" ಎಂದಳು ಅಕ್ಕ.

"ಯಾರೂ ಇಲ್ಲ. ಇದ್ದಿದ್ರೆ?"

ಈ ಮಾತು ನಡೆದದ್ದು ಯಾವಾಗ ಗೊತ್ತೇ? ಮನೆಯಿಂದ ಹತ್ತು ಕಿಲೋಮೀಟರು ದಾಟಬಾರದು ಎಂಬ ಕಟ್ಟಪ್ಪಣೆ ಇದ್ದಾಗ! ಮೊಸರು ತರಲು ಮನೆಗೊಬ್ಬರು ಮಾತ್ರ ಹೊರಡಬಹುದಾಗಿದ್ದ ಕಾಲ. ರಾಜ್ಯದ ಗಡಿಯಲ್ಲಿ ಪೊಲೀಸರು, ಸೈನಿಕರು. ನರಪಿಳ್ಳೆಯೂ ಪಿನಾಂಗಿಗೆ ಹೋಗುವಂತಿರಲಿಲ್ಲ, ಆದರೆ ನಮ್ಮ ಭಾವನಿಗೆ ಅಲ್ಲಿಂದ ವಾಪಸು ಬರುವ ದಾರಿಯಲ್ಲಿ ಚಾರ್ಜ್ ಸಾಕಾಗದೆಂಬ ಚಿಂತೆ!

ಇಂಥದೇ ಒಂದು ದಿನ ಅಕ್ಕನನ್ನು ಆಸ್ಪತ್ರೆಗೆ ಬಿಡಲು ಹೊರಟಾಗ ಹಳೆಯ ಕಾರು ಪೊಲೀಸರ ತಡೆಗೇಟಿಗೆ ಸರಿಯಾಗಿ ಬಂದು ಪ್ರಾಣ ಬಿಟ್ಟಿತು. ಹಿಂದೆ ಕಾರುಗಳ ಸಾಲು. "ಬಾರೋ ರಾಜಾ" ಎಂದರೂ ರಾಜ ಏಳಲಿಲ್ಲ. ಮಾಸ್ಕು ಹಾಕಿದ ಪೊಲೀಸಿನವನು ಅಕ್ಕನ ಆಸ್ಪತ್ರೆ ಪಾಸು ನೋಡಿ ಪಾಪ, ಇನ್ನಿಬ್ಬರನ್ನು ಕರೆದು ಹಿಂದಿನಿಂದ ತಳ್ಳಿದ. ಕಾರು ಕೆಮ್ಮಿ ಜೀವ ಪಡೆಯಿತು. ಅವನು ಕಿಟಕಿಯ ಬಳಿ ಬಂದು, ಹೊಸ ಕಾರು ತಗೊಳ್ಳಿ ಬಾಸ್ ಎಂದು ನಕ್ಕ. ನಕ್ಕದ್ದಕ್ಕೆ ನಕ್ಕು ಹೊರಡಬೇಕೋ ಬೇಡವೋ? ಭಾವ ಇಂಜಿನ್ ಆನ್ ಇಟ್ಟುಕೊಂಡೇ ಬರುವ ವರ್ಷದ ಬ್ಯಾಟರಿ ಈಗಿನದಕ್ಕಿಂತ ಹೇಗೆ ಭಿನ್ನ ಎಂದು ಅವನಿಗೆ ವಿವರಿಸತೊಡಗಿದರು. ಹಿಂದಿನ ಹಾರ್ನುಗಳಿಗೂ ಬಗ್ಗಲಿಲ್ಲ. ಕೊನೆಗೆ ಪೊಲೀಸಿನವನೇ ಕೈಮುಗಿದನಂತೆ. ಆ ದಿನ ಅಕ್ಕ ವಾರ್ಡಿಗೆ ತಡವಾಗಿ ಹೋಗಿ ತನಗಿಂತ ಚಿಕ್ಕವರಿಂದ ಮಾತು ಕೇಳಿ, ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಇದನ್ನು ನಾನು ಭಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಂಕಾದರು. ಆಮೇಲೆ, "ಅದಕ್ಕೇ ಹೇಳೋದು, ಅವಸರದಲ್ಲಿ ಯಾವುದೋ ಒಂದು ತರಬಾರದು" ಎಂದರು!

ನಿರ್ಬಂಧ ಸಡಿಲವಾಗಿ ಷೋರೂಮುಗಳು ತೆರೆದವು. ಅಲ್ಲಿ ಲೀಸ್ ವಿಭಾಗದಲ್ಲಿ ಒಬ್ಬಳು ತಮಿಳು ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು. ಕೊರೋನಾದ ಬರಗಾಲದಲ್ಲಿ ಒಬ್ಬ ಗಿರಾಕಿ ಬಂದನಲ್ಲ ಎಂದು ಖುಷಿಯಾಗಿ, "ಅಂಕಲ್, ಟೆಸ್ಟ್ ಡ್ರೈವ್ ಫ್ರೀ ಲಾ, ಎನಿ ಟೈಮ್!" ಎಂದುಬಿಟ್ಟಳು. ಬಡಪಾಯಿ. ಭಾವನಿಗೆ ಅಂಥ ಮಾತು ಹೇಳುವುದೇ? ವಾರ ಬಿಡದೆ ಹೋದರು. ಏರಿನಲ್ಲಿ ಹೇಗೆ ಹೋಗುತ್ತದೆ, ಮಳೆಯಲ್ಲಿ ಹೇಗೆ, ಒಬ್ಬರೇ ಇದ್ದಾಗ ಹೇಗೆ, ಡಿಕ್ಕಿಯಲ್ಲಿ ಭಾರ ಇದ್ದಾಗ ಹೇಗೆ? ಭಾರದ ಪರೀಕ್ಷೆಗೆಂದು ದಾರಿಯಲ್ಲಿ ತಮಿಳರ ಅಂಗಡಿಯಿಂದ ತಿಂಗಳ ದಿನಸಿ, ಹತ್ತಾರು ತೆಂಗಿನಕಾಯಿ ತುಂಬಿಸಿಕೊಂಡು ಮನೆಗೆ ತಂದು ಇಳಿಸಿ, ಖಾಲಿ ಕಾರನ್ನು ಷೋರೂಮಿಗೆ ಮುಟ್ಟಿಸಿ ಬಂದರು! ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಗಾರ್ಡು ಆ ಕಾರು ಬಂದರೆ ಸೆಲ್ಯೂಟ್ ಹೊಡೆಯತೊಡಗಿದ. ಎದ್ದು ಕಾಣುವ ಕಿತ್ತಳೆ ಬಣ್ಣದ ಕಾರು ಅದು. ಭಾವನಿಗೆ ಆ ಬಣ್ಣ ಕಂಡರೆ ಆಗದು. "ನಡೆದಾಡೋ ಟ್ರಾಫಿಕ್ ಕೋನ್ ಇದ್ದಂಗಿದೆ" ಎನ್ನುತ್ತಿದ್ದರು.

ಹುಡುಗಿ ಒಂದು ದಿನ ಧೈರ್ಯ ಮಾಡಿ ಕೇಳಿದಳು: "ಅಂಕಲ್, ಸೋ... ಓಕೆ ಆ?"

"ಕಾರು ವೆರಿ ಗುಡ್ ಅಮ್ಮ. ಇಷ್ಟು ಚೆನ್ನಾಗಿದೆ ಅಂದ್ರೆ, ಬರೋ ವರ್ಷದ್ದು ಇನ್ನೆಷ್ಟು ಚೆನ್ನಾಗಿರಬೇಡ!" ಎಂದರು ಭಾವ. ಇದನ್ನು ಅವರು ತಮಿಳು ಎಂದು ತಾವು ನಂಬಿರುವ ಭಾಷೆಯಲ್ಲಿ ಹೇಳಿದರಂತೆ. ಹುಡುಗಿಗೆ ಭಾಷೆ ಅರ್ಥವಾಗದಿದ್ದರೂ ಪರಿಸ್ಥಿತಿ ಅರ್ಥವಾಯಿತು.

ಹಾಗಂತ ಏನೂ ಮಾಡದೆ ಕೂತರು ಎನ್ನಬೇಡಿ. ಕಾರು ಬದಲಾಗುತ್ತಿರುತ್ತದೆ, ಚಾರ್ಜರ್ ಬದಲಾಗುವುದಿಲ್ಲ ಎಂದು ಒಂದು ಹೊಸ ಜ್ಞಾನೋದಯವಾಗಿ, ಅಪಾರ್ಟ್‌ಮೆಂಟಿನ ಕಮಿಟಿಯವರನ್ನು ಕಾಡಿ ಬೇಡಿ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಗೋಡೆಗೆ ಚಾರ್ಜರ್ ಹಾಕಿಸಿ, ಹಳೆಯ ಕಾರನ್ನು ಕಟ್ಟಡದ ಮುಂದಿನ ಬಯಲಿಗೆ ಎತ್ತಂಗಡಿ ಮಾಡಿದರು. ತೊಟ್ಟಿಲು ಕಟ್ಟಿಸಿ ಮದುವೆಗೆ ಹೆಣ್ಣು ಹುಡುಕಿದ ಹಾಗೆ! ಅಷ್ಟರಲ್ಲಿ ಆಯುಧಪೂಜೆ ಬಂದಿತು. ನಮ್ಮ ಮನೆಗಳಲ್ಲಿ ಆ ದಿನ ಲ್ಯಾಪ್‌ಟಾಪಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಕುಂಕುಮ ಇಡುವುದು ಸರಿಯಷ್ಟೆ. ಭಾವ ಚಾರ್ಜರಿಗೆ ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಅದರ ಮುಂದಿನ ಖಾಲಿ ನೆಲದ ಮೇಲೆ, ಕಾರಿದ್ದಿದ್ದರೆ ಚಕ್ರಗಳು ಎಲ್ಲಿರುತ್ತಿದ್ದವು ಎಂದು ಟೇಪು ಹಿಡಿದು ಅಳೆದು, ಅಲ್ಲಲ್ಲಿ ನಿಂಬೆಹಣ್ಣು ಇಟ್ಟರು. ಆದರೆ ಯಾವ ಕಾರಿನ ಅಳತೆ? ಬರುವ ವರ್ಷದ್ದೇ! ಆಮೇಲೆ ಬೂದುಗುಂಬಳಕಾಯಿಗೆ ಕುಂಕುಮದ ನೀರು ತುಂಬಿ ಇಳಿ ತೆಗೆದು ಒಡೆದರು. ಸಿಸಿಟಿವಿಯಲ್ಲಿ ನೆಲವೆಲ್ಲ ಕೆಂಪಾದದ್ದನ್ನು ಕಂಡ ಗಾರ್ಡು ಸೀಟಿ ಊದುತ್ತ ಓಡಿ ಬಂದ. ನೋಡುತ್ತಾನೆ, ಒಬ್ಬ ಗೃಹಸ್ಥರು ಪಂಚೆಯುಟ್ಟು ಗೋಡೆಗೆ ಮಂಗಳಾರತಿ ಎತ್ತುತ್ತಿದ್ದಾರೆ, ಪಕ್ಕದಲ್ಲಿ ಹೆಂಗಸರಿಬ್ಬರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಾರೆ.

"ಕಾರ್ ಎಲ್ಲಿ ಬಾಸ್?" ಎಂದು ಕೇಳಿದ.

"ನೆಕ್ಸ್ಟ್ ಇಯರ್" ಎಂದು ಭಾವ ಅವನ ಕೈಗೆ ಪ್ರಸಾದದ ಬಾಳೆಹಣ್ಣು ಕೊಟ್ಟರು.

ಹೀಗೆ ಪೂಜೆಗೊಂಡ ಚಾರ್ಜರಿನಿಂದ ಮೊದಲು ಉಂಡದ್ದು ಯಾರು? ಒಂಬತ್ತನೇ ಮಹಡಿಯ ಚೀನೀ ತಾತನ ಕಾರು! ಅವರು ಮುಂಚೆಯೇ ಎಲೆಕ್ಟ್ರಿಕ್ ಕಾರು ತಂದಿದ್ದರು, ಚಾರ್ಜರಿಗೆ ಅನುಮತಿ ಕೇಳುವ ತ್ರಾಣ ಇರಲಿಲ್ಲ. ಸ್ವಲ್ಪ ಬಳಸಲೇ ಎಂದರು, ಭಾವ ಧಾರಾಳವಾಗಿ ಬಿಟ್ಟುಕೊಟ್ಟರು. ಆ ಕಾರು ಚಾರ್ಜಾಗುವಾಗ ಪಕ್ಕದಲ್ಲಿ ನಿಂತು, ಪರರ ಮಗು ಹಾಲು ಕುಡಿಯುವುದನ್ನು ನೋಡುವ ಹಾಗೆ ನೋಡುತ್ತಿದ್ದರು. ಕರೆಂಟಿನ ಬಿಲ್ಲು ಯಾರದು ಎಂದು ಅಕ್ಕ ಕೇಳಿದರೆ, "ಟೆಸ್ಟಿಂಗ್ ಆಗ್ತಾ ಇದೆ ಬಿಡೆ" ಎಂಬ ಉತ್ತರ.

ವರ್ಷದ ಕೊನೆಗೆ ಬರುವಷ್ಟರಲ್ಲಿ ಅಕ್ಕ ಸೋತು ಸುಣ್ಣವಾಗಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳ ಸಂಖ್ಯೆ ಏರುತ್ತಲೇ ಇತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ, "ಇವತ್ತು ಹೂಂ ಅನ್ನಿ, ಇಲ್ಲಾ ನಾನು ಸೈಕಲ್ ತಗೊಳ್ತೀನಿ" ಎಂದು ಗುಡುಗಿದಳು. ಭಾವನ ಬತ್ತಳಿಕೆಯಲ್ಲಿ ತಾಂತ್ರಿಕ ಬಾಣಗಳೆಲ್ಲ ಮುಗಿದಿದ್ದವು. ಆಗ ಹೊರತೆಗೆದರು ನೋಡಿ ಬ್ರಹ್ಮಾಸ್ತ್ರ! "ಈಗ ಧನುರ್ಮಾಸ ಕಣೆ. ಧನುರ್ಮಾಸದಲ್ಲಿ ಯಾರಾದರೂ ಹೊಸ ಗಾಡಿ ತರ್ತಾರಾ?" ಎಂದರು. ಅಪ್ಪ ಪಂಚಾಂಗ ತೆಗೆದರೆ ಮೂಢನಂಬಿಕೆ ಎಂದು ಭಾಷಣ ಬಿಗಿಯುತ್ತಿದ್ದ ಬಾಯಿ ಅದು!

"ಸಂಕ್ರಾಂತಿ ಆದ್ಮೇಲೆ?" ಎಂದು ನಾನು ಪಟ್ಟು ಹಿಡಿದೆ.

"ಸಂಕ್ರಾಂತಿ ಆಗಲಿ. ಆದರೆ ರಾಹುಕಾಲ ಒಂದು ನೋಡ್ಬೇಕಲ್ಲಮ್ಮ. ಬೆಂಗಳೂರಿನ ಟೈಮೋ, ಇಲ್ಲಿನ ಟೈಮೋ? ಮೊದಲು ಅದು ಇತ್ಯರ್ಥ ಆಗಲಿ."

ಅಕ್ಕ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಸಂಕ್ರಾಂತಿ ಬಂದಿತು. ಮತ್ತೆ ಲಾಕ್‌ಡೌನ್ ಕೂಡ ಬಂದಿತು. ಎಳ್ಳು ಬೀರಲು ಮೇಲೆ ಹೋಗಬೇಕು ಎಂದುಕೊಳ್ಳುತ್ತಿದ್ದಾಗ ಮಗಳ ಫೋನು ಬಂದಿತು: "ಚಿಕ್ಕಮ್ಮಾ, ಡೋಂಟ್ ಕಮ್ ಅಪ್. ಅಮ್ಮ ಈಸ್ ಪಾಸಿಟಿವ್." ಮೂರು ದಿನ ಜ್ವರ, ಆಮೇಲೆ ಉಸಿರಾಟ ಭಾರವಾಯಿತು. ಲಸಿಕೆ ಇನ್ನೂ ಬಂದಿರದ ಕಾಲ. ಆಸ್ಪತ್ರೆಯವರು ತಕ್ಷಣ ಬನ್ನಿ ಎಂದರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿಗಳನ್ನೆಲ್ಲ ಇಳಿಸಿ, ಭಾವ ಕೀ ತಿರುಗಿಸಿದರು. ಆ ದರಿದ್ರ ಕಾರು, ಏಟೂ ಇಲ್ಲ, ರಾಜಾ ಎಂಬ ಉಪಚಾರವೂ ಇಲ್ಲ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನನಗೆ ಅದರಿಂದ ಸಮಾಧಾನಕ್ಕಿಂತ ಹೆಚ್ಚಾಗಿ ಭಯವಾಯಿತು.

ಅಕ್ಕ ತಾನು ದುಡಿಯುತ್ತಿದ್ದ ವಾರ್ಡಿನಲ್ಲೇ ಮಲಗಿದಳು. ಭಾವ, ಮಗಳು ಮನೆಯೊಳಗೆ ಬಂದಿಗಳು. ನಾನು ಅಡುಗೆ ಮಾಡಿ ಅವರ ಬಾಗಿಲ ಮುಂದೆ ಡಬ್ಬಿ ಇಟ್ಟು ಬರುತ್ತಿದ್ದೆ. ಒಂದು ಮಧ್ಯಾಹ್ನ ಸಾರಿನ ಡಬ್ಬಿ ಇಡುವಾಗ ಒಳಗಿನಿಂದ ಭಾವನ ದೊಡ್ಡ ಗಂಟಲು ಕೇಳಿಸಿತು. ವಿಡಿಯೋ ಕಾಲ್. ಅಕ್ಕನ ಜೊತೆ.

"ಬಿಳಿ ಬೇಡ ಕಣೆ, ಕೊಳೆಯಾಗುತ್ತೆ. ಬರೋ ವರ್ಷದ್ದು ನೀಲಿ ಬಣ್ಣದಲ್ಲಿ ಬರುತ್ತಂತೆ. ಸೀಟು ಪೂರ್ತಿ ಹಿಂದಕ್ಕೆ ಬಾಗುತ್ತಂತೆ, ನಿನ್ನ ಬೆನ್ನಿಗೆ ಒಳ್ಳೇದು. ಏನು? ಕೇಳಿಸ್ತಿಲ್ಲ. ಕೈಯಲ್ಲಿ ತೋರ್ಸು. ಬಿಳಿನೇ ಬೇಕಾ? ಹಟಮಾರಿ ನೀನು!"

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಆಕ್ಸಿಜನ್ ಮೇಲಿದ್ದಾಳೆ, ಈ ಮಹಾನುಭಾವ ಬ್ಯಾಟರಿ ಮೇಲಿದ್ದಾರೆ! ಕೆಳಗಿಳಿದು ಬಂದವಳೇ ಫೋನ್ ಮಾಡಿ, "ಭಾವ, ನಿಮಗೆ ಸ್ವಲ್ಪನಾದ್ರೂ ಬುದ್ಧಿ ಇದ್ಯಾ? ಅವಳಿಗೆ ಧೈರ್ಯ ಹೇಳೋದು ಬಿಟ್ಟು ಕಾರಿನ ಬಣ್ಣ ಕೇಳ್ತೀರಲ್ಲ" ಎಂದು ಬಾಯಿಗೆ ಬಂದ ಹಾಗೆ ಬೈದೆ. ಭಾವ ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು. ಮರುದಿನವೂ ಬಾಗಿಲಾಚೆಯಿಂದ ಅದೇ ಜಗಳ. ಅದರ ಮರುದಿನವೂ.

ದೇವರು ದೊಡ್ಡವನು, ಅಕ್ಕ ಚೇತರಿಸಿಕೊಂಡಳು. ಮನೆಯ ಬಂದಿಗಳಿಗೂ ಬಿಡುಗಡೆಯಾಯಿತು. ನಾಳೆ ಕಳಿಸುತ್ತೇವೆ ಎಂದು ಆಸ್ಪತ್ರೆಯಿಂದ ಫೋನು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಭಾವ ಎದ್ದು ಒಂದು ಸುತ್ತು ಹಾಕಿ, ಷೋರೂಮಿನ ಹುಡುಗಿಗೆ ಫೋನ್ ಮಾಡಿ ಸ್ಪೀಕರಿನ ಮೇಲೆ ಹಾಕಿದರು.

"ಹಾಯ್ ಅಂಕಲ್! ಟೆಸ್ಟ್ ಡ್ರೈವಾ?" ಪಾಪ, ದನಿಯಲ್ಲೇ ನಿಟ್ಟುಸಿರಿತ್ತು.

"ಅಲ್ಲಮ್ಮ. ಲೀಸ್. ಕಾರು ನಾಳೆ ಬೇಕು."

"ಅಂಕಲ್, ಟುಮಾರೋ ಕೆನಾಟ್ ಲಾ. ಸ್ಟಾಕ್ ಇಲ್ಲೆ. ಓನ್ಲಿ ದಟ್ ಆರೆಂಜ್ ಒನ್, ಯೂ ಆಲ್ವೇಸ್ ಡ್ರೈವ್ ಒನ್, ಡೆಮೋ ಕಾರ್..."

"ಅದನ್ನೇ ಕೊಡು."

"ಅಂಕಲ್, ನೆಕ್ಸ್ಟ್ ಇಯರ್ ಮಾಡೆಲ್..."

"ನಾಳೆ ಬೆಳಿಗ್ಗೆ" ಎಂದರು ಭಾವ. ಶ್ಯಾಂಪೂ ಬಾಟಲಿಯ ಹಿಂದಿನ ಅಕ್ಷರಗಳನ್ನೂ ಬಿಡದೆ ಓದುವ ಮನುಷ್ಯ, ಕಳಿಸಿದ ಕಾಗದಕ್ಕೆಲ್ಲ ಕಣ್ಣೂ ಹಾಯಿಸದೆ ಸಹಿ ಮಾಡಿದರು. ಬೆಂಗಳೂರಿನ ರಾಹುಕಾಲವನ್ನೂ ನೋಡಲಿಲ್ಲ, ಇಲ್ಲಿನದನ್ನೂ ನೋಡಲಿಲ್ಲ. ಅವರು ಒಂದೇ ಸಲಕ್ಕೆ ಹೂಂ ಅಂದದ್ದು ಅದು ಎರಡನೆಯದು. ಮೈಸೂರಿನ ಮನೆಯ ಹಾಲಿನಲ್ಲಿ ಕೂತಿದ್ದ ಆ ಹುಡುಗನ ಮುಖ ನನಗೆ ಫಕ್ಕನೆ ನೆನಪಾಯಿತು.

ಅಕ್ಕ ಕಿತ್ತಳೆ ಬಣ್ಣದ ಕಾರಿನಲ್ಲಿ ಮನೆಗೆ ಬಂದಳು. ಗಾರ್ಡು ಎಂದಿನಂತೆ ಸೆಲ್ಯೂಟ್ ಹೊಡೆದ. ಚೀನೀ ತಾತ ತಮ್ಮ ಕಾರನ್ನು ತಾವೇ ಚಾರ್ಜರಿನಿಂದ ಸರಿಸಿ ಜಾಗ ಬಿಟ್ಟುಕೊಟ್ಟರು. ಭಾವ ಚಾರ್ಜರಿನ ಮೇಲೆ ಒಣಗಿ ಹತ್ತಿಕೊಂಡಿದ್ದ ಕುಂಕುಮವನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಯಾರಾದರೂ ನೋಡಿದರೇ ಎಂದು ಆಚೀಚೆ ನೋಡಿದರು.

ಒಂದೆರಡು ವಾರ ಕಳೆದು ಅಕ್ಕ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವಷ್ಟಾದಾಗ, ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ದೂರನ್ನು ಕಕ್ಕಿದೆ. "ನೀನು ಉಸಿರಿಗೆ ಒದ್ದಾಡ್ತಿದ್ರೆ ಇವರು ಕಾರಿನ ಬಣ್ಣ ಅಂತ ತಲೆ ತಿಂತಿದ್ರಲ್ಲೇ ಅಕ್ಕ, ಹೇಗೆ ತಡ್ಕೊಂಡೆ?"

ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈ ನಿಂತಿತು. "ಎಲ್ಲಾರೂ ಫೋನ್ ಮಾಡ್ತಿದ್ರು ಕಣೇ. ನೀನು, ಅಪ್ಪ, ಮಣಿಪಾಲದ ಫ್ರೆಂಡ್ಸು. ಏನೂ ಆಗಲ್ಲ, ಧೈರ್ಯವಾಗಿರು ಅಂತಿದ್ರಿ. ನಾನು ಡಾಕ್ಟ್ರಲ್ವೇನೇ? ಅದೇ ಮಾತನ್ನ ಅದೇ ದನಿಯಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿದೀನಿ. ಅವರಲ್ಲಿ ಎಷ್ಟೋ ಜನ ಮನೆಗೆ ಹೋಗ್ಲಿಲ್ಲ. ಇವರೊಬ್ರೇ ಬರೋ ವರ್ಷ ನಾನು ಯಾವ ಕಾರಲ್ಲಿ ಕೂತ್ಕೋತೀನಿ ಅಂತ ಜಗಳ ತೆಗೆದ್ರು. ನಂಗೂ ಸಿಟ್ಟು ಬಂತು. ಬಿಳಿನೇ ಬೇಕು ಅಂತ ಮನಸಲ್ಲೇ ಕೂಗ್ತಾ ಮಲಗ್ತಿದ್ದೆ. ಆ ಜಗಳದಲ್ಲಿ ಗೆಲ್ಲೋಕಾದ್ರೂ ನಾನು ಮನೆಗೆ ಬರ್ಬೇಕಿತ್ತು."

ನನ್ನ ಕಣ್ಣು ತುಂಬಿ ಬಂತು. ಹುರುಳಿಕಾಯಿಯ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡು ತಲೆ ತಗ್ಗಿಸಿ ನಾರು ತೆಗೆಯತೊಡಗಿದೆ.

ಅಷ್ಟರಲ್ಲಿ ಹಾಲಿನಿಂದ ಭಾವನ ಗಂಟಲು: "ಲೇ, ಈ ಕಿತ್ತಳೆ ನೋಡಿ ನೋಡಿ ಕಣ್ಣು ಉರಿಯುತ್ತೆ ಕಣೆ. ಬರೋ ವರ್ಷ ನೀಲಿದು ನೋಡೋಣ!"

"ಬಿಳೀದು!" ಎಂದು ಅಕ್ಕ ಕೂಗಿದಳು. ಕೂಗಿದ್ದಕ್ಕೆ ಕೆಮ್ಮು ಬಂದು, ಕೆಮ್ಮುತ್ತಲೇ ನಕ್ಕಳು. "ನೋಡೋಣ ರೀ, ಬರೋ ವರ್ಷ ನೋಡೋಣ."